ಟೊಂಕವೋ, ತೊಡೆಕೀಲೋ?

ರೋಣ, ನರಗುಂದ, ಗಜೇಂದ್ರಗಡದ ಕಡೆ ವಯಸ್ಸಾದವರು ‘ಟೊಂಕ ಹಿಡದೈತ್ರಿ’ ಎನ್ನುವುದುಂಟು. ಆ ಮಾತಿನಲ್ಲಿ ಬೆನ್ನಿನ ಕೆಳಭಾಗವೂ ಅಡಗಿರಬಹುದು, ತೊಡೆಯ ಮೂಳೆ ಶ್ರೋಣಿಯೊಡನೆ ಕೂಡುವ ಕೀಲೂ ಅಡಗಿರಬಹುದು. ಈ ಗೊಂದಲವನ್ನು ಬಿಡಿಸಬೇಕಾದ ನಮ್ಮ ವಿಜ್ಞಾನ ಬರಹಗಳು ‘ಸೊಂಟದ ಕೀಲಿನ ಸವೆತ’ ಎಂದು ಬರೆದು ಸುಮ್ಮನಾಗುತ್ತವೆ. ಈ ಪ್ರಯೋಗದಲ್ಲಿ ಎರಡು ದೋಷಗಳಿವೆ.

ಮೊದಲನೆಯದು ‘ಸೊಂಟ’. ಈ ಕೀಲಿನ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಕಾಣಿಸುತ್ತದೆ. ಕೆಲವರಲ್ಲಿ ಮೊಣಕಾಲಿನಲ್ಲಿ ಮಾತ್ರ. ರೋಗಿ ಬೆನ್ನು ತೋರಿಸಿದರೆ ಕ್ಷ-ಕಿರಣ ಚಿತ್ರವೂ ಬೆನ್ನಿನದೇ ಆದೀತು. ಚಕ್ಕಳಮಕ್ಕಳ ಹಾಕಲಾಗದಿರುವುದು, ತೊಡೆಯನ್ನು ಒಳಕ್ಕೆ ತಿರುಗಿಸಿದಾಗ ನೋಯುವುದು ಮುಖ್ಯ ಸುಳಿವುಗಳು. ಚಿತ್ರದಲ್ಲಿ ಕೀಲಿನ ತೆರಪು ಕಿರಿದಾಗಿ, ಅಂಚಿನಲ್ಲಿ ಮೂಳೆಮುಳ್ಳುಗಳು ಬೆಳೆದಿರುತ್ತವೆ.

ಎರಡನೆಯದು ‘ಸವೆತ’. ಬಂಡಿಯ ಅಚ್ಚಿಗೆ ಈ ಪದ ಸರಿ. ಮೃದ್ವಸ್ಥಿಯಾದರೋ ಸಜೀವ ಅಂಗಾಂಶ. ಅದರಲ್ಲಿ ರಕ್ತನಾಳಗಳಿಲ್ಲ, ಭಾರ ಬಿದ್ದು ಇಳಿದಾಗ ಒಳಹೊರಗೆ ಚಲಿಸುವ ಕೀಲುದ್ರವವೇ ಅದನ್ನು ಪೋಷಿಸುತ್ತದೆ. ಸವೆದೀತೆಂದು ಹೆದರಿ ಮಂಚ ಹಿಡಿದವರ ಸ್ನಾಯುಗಳು ಸೊರಗಿ ನಡಿಗೆ ಮತ್ತಷ್ಟು ಕಷ್ಟವಾಗುತ್ತದೆ. ತಕ್ಕ ವ್ಯಾಯಾಮ ಮತ್ತು ಹೆಚ್ಚಿನ ತೂಕ ಇಳಿಸುವುದೇ ಮೊದಲ ಚಿಕಿತ್ಸೆ. ಇವುಗಳಿಂದಲೂ ಔಷಧಿಯಿಂದಲೂ ನೋವು ತಗ್ಗದಿದ್ದಾಗ ಕೀಲು ಬದಲಾವಣೆಯ ಮಾತು. ಜಾನ್ ಚಾರ್ನ್ಲಿ 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಭದ್ರ ಬುನಾದಿ ಹಾಕಿದರು.

‘ಸವೆತ’ವೆಂದು ಹೆಸರಿಟ್ಟೊಡನೆ ಕಾರಣದ ಹುಡುಕಾಟವೂ ನಿಲ್ಲುತ್ತದೆ. ಎರಡೂ ಕೀಲುಗಳು ಒಟ್ಟಿಗೆ ಬಿಗಿದಾಗ ಹಾಗೆ ನಿಲ್ಲಬಾರದು. ಗದಗ ಜಿಲ್ಲೆಯ ಹಲವೆಡೆ ಅಂತರ್ಜಲದ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಅಂತಹ ನೀರು ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ಉಂಟಾಗಿ, ಅಸ್ಥಿರಜ್ಜುಗಳು ಗಡುಸಾಗಿ, ಸಂಧಿವಾತದಂತೆಯೇ ತೋರಬಹುದು. ಆದ್ದರಿಂದ ‘ಯಾವ ನೀರು ಕುಡಿಯುತ್ತೀರಿ?’ ಎಂಬುದೂ ರೋಗನಿದಾನದ ಪ್ರಶ್ನೆಯೇ.

ಇನ್ನು ಭೌತಶಾಸ್ತ್ರ. ಒಂಟಿಕಾಲಿನಲ್ಲಿ ನಿಂತಾಗ ತೊಡೆಕೀಲು ಸನ್ನೆಯ ಆನಿಕೆಯಾಗುತ್ತದೆ. ದೇಹಭಾರದ ಬಾಹು ಸ್ನಾಯುವಿನ ಬಾಹುವಿನ ಸುಮಾರು ಇಮ್ಮಡಿ ಇರುವುದರಿಂದ ಕೀಲಿನ ಮೇಲೆ ದೇಹಭಾರದ ಎರಡೂವರೆ-ಮೂರು ಪಟ್ಟು ಬಲ ಬೀಳುತ್ತದೆ. 60 ಕಿಲೋಗ್ರಾಂ ತೂಕದವರಲ್ಲಿ ಇದು 150-180 ಕಿಲೋಗ್ರಾಂ ಭಾರಕ್ಕೆ ಸಮ. ನೋಯುವ ಕಾಲಿನ ಎದುರು ಕೈಯಲ್ಲಿ ಕೋಲು ಹಿಡಿದರೆ ಅದರ ಬಾಹು ಉದ್ದವಾಗಿ, ಅಲ್ಪ ಒತ್ತಡದಿಂದಲೇ ಸ್ನಾಯುವಿನ ಎಳೆತ ಬಹಳಷ್ಟು ತಗ್ಗುತ್ತದೆ. ಎರಡೂ ಕಡೆ ನೋವಿದ್ದರೆ ಎರಡು ಕೋಲು ಲೇಸು.

ಎಷ್ಟೋ ಅಜ್ಜಂದಿರು ನೋಯುವ ಕಡೆಯ ಕೈಯಲ್ಲೇ ಕೋಲು ಹಿಡಿಯುತ್ತಾರೆ. ನಾವು ಸನ್ನೆಯ ಪಾಠವನ್ನು ಕಪ್ಪುಹಲಗೆಯಲ್ಲೇ ಮುಗಿಸಿದ್ದೇವೆ. ‘ತೊಡೆಕೀಲು’ ಎಂಬ ಪದವನ್ನು ಬಳಕೆಗೆ ತರೋಣ. ಆ ಕೋಲನ್ನೂ ಪಾಠದೊಳಕ್ಕೆ ತರೋಣ.