ಸ್ಮೈಲಿಯ ಜಾಣಕುರುಡು

ಕನ್ನಡದ ನೋಡುಗರಿಗೆ ಗೂಢಚಾರ ಎಂದೊಡನೆ ನೆನಪಾಗುವುದು ಸಿಐಡಿ 999. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಕೋಟು ತೊಟ್ಟು, ಪಿಸ್ತೂಲು ಹಿಡಿದು ಬಂದಾಗಿನಿಂದ ನಮ್ಮ ಗೂಢಚಾರ ಓಡುತ್ತಲೇ ಇದ್ದಾನೆ. ಓಡದ, ಹೊಡೆದಾಡದ, ಕನ್ನಡಕ ಒರೆಸುತ್ತಾ ಎದುರಿಗಿದ್ದವರ ಮಾತು ಕೇಳುತ್ತಾ ಕೂರುವ ಗೂಢಚಾರನೊಬ್ಬ ಐದು ಗಂಟೆಯ ಆಸುಪಾಸಿನ ಧಾರಾವಾಹಿಯನ್ನು ಹೊರಬಲ್ಲನೆ? ಬಿಬಿಸಿ 1979ರಲ್ಲಿ ಏಳು ಕಂತುಗಳಲ್ಲಿ ಪ್ರಸಾರ ಮಾಡಿದ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ ಹೊರಬಲ್ಲ ಎನ್ನುತ್ತದೆ. ಕಳೆದ ತಿಂಗಳು ಅದರ ಡಿವಿಡಿಗಳನ್ನು ರಾತ್ರಿಗೊಂದು ಕಂತಿನ ಲೆಕ್ಕದಲ್ಲಿ ಎರಡನೇ ಸಲ ನೋಡಿದೆ. ಮೊದಲ ಸಲ ಅದು ‘ಕಳ್ಳ ಯಾರು’ ಎಂಬ ಕಥೆಯಾಗಿತ್ತು. ಎರಡನೇ ಸಲ ಬೇರೆಯೇ ಕಥೆಯಾಯಿತು.

ಜಾನ್ ಲೆ ಕಾರೆಯ 1974ರ ಕಾದಂಬರಿಯನ್ನು ಆರ್ಥರ್ ಹಾಪ್‌ಕ್ರಾಫ್ಟ್ ಚಿತ್ರಕಥೆಯಾಗಿಸಿದರು. ಜಾನ್ ಅರ್ವಿನ್ ನಿರ್ದೇಶಿಸಿದರು. ಕಥೆ ಸರಳ. ‘ಸರ್ಕಸ್’ ಎಂದು ಕರೆಯಲಾಗುವ ಬ್ರಿಟಿಷ್ ಗುಪ್ತಚರ ಕಚೇರಿಯ ತುತ್ತತುದಿಯಲ್ಲಿ ಸೋವಿಯತ್ ರಷ್ಯಾದ ಮನುಷ್ಯನೊಬ್ಬ ಸೇರಿಕೊಂಡಿದ್ದಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮನೆಯೊಳಗಿನ ಹೆಗ್ಗಣ. ಅದನ್ನು ಹಿಡಿಯಲು, ಕೆಲಸದಿಂದ ಹೊರದಬ್ಬಿಸಿಕೊಂಡಿದ್ದ ಜಾರ್ಜ್ ಸ್ಮೈಲಿಯನ್ನು ಗುಟ್ಟಾಗಿ ಮರಳಿ ಕರೆಯುತ್ತಾರೆ. ಹೆಗ್ಗಣ ಯಾರೆಂದು ಇಲ್ಲೇ ಹೇಳಿಬಿಡುತ್ತೇನೆ: ಬಿಲ್ ಹೇಡನ್. ಗುಟ್ಟು ಬಿಟ್ಟುಕೊಟ್ಟೆನೆಂದು ಓದುಗರು ಬೇಸರಪಡಬೇಕಿಲ್ಲ. ಈ ಧಾರಾವಾಹಿಯ ಬಲ ಆ ಗುಟ್ಟಿನಲ್ಲಿಲ್ಲ ಎಂಬುದೇ ನನ್ನ ವಾದ.

ಮೊದಲ ದೃಶ್ಯವನ್ನೇ ನೋಡಿ. ಒಂದು ಸಭೆಯ ಕೋಣೆ. ನಾಲ್ಕು ಜನ ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಒಬ್ಬ ಕಡತ ಜೋಡಿಸಿಕೊಳ್ಳುತ್ತಾನೆ, ಒಬ್ಬ ಸಿಗರೇಟು ಸೇದುತ್ತಾನೆ, ಒಬ್ಬನ ಕೈಯಲ್ಲಿ ಪೈಪ್. ಕೊನೆಗೆ ಬರುವ ಹೇಡನ್ ಚಹಾದ ಕಪ್ಪಿನ ಮೇಲೆ ಸಾಸರ್ ಮುಚ್ಚಿ ಹಿಡಿದಿದ್ದಾನೆ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೊದಲ ಸಲ ಇದು ಕಚೇರಿಯ ಸಾಮಾನ್ಯ ಬೆಳಗು. ಗೊತ್ತಿದ್ದು ನೋಡಿದರೆ, ಇಯಾನ್ ರಿಚರ್ಡ್‌ಸನ್ ಆ ಕಪ್ಪನ್ನು ಹಿಡಿದು ಬರುವ ರೀತಿಯಲ್ಲೇ ಎಲ್ಲವೂ ಇದೆ: ಉಳಿದವರು ಅಧಿಕಾರಿಗಳಾಗಿ ಬಂದಿದ್ದಾರೆ, ಇವನು ಮಾತ್ರ ತನ್ನ ಮನೆಯ ಪಡಸಾಲೆಗೆ ಬಂದಂತೆ ಬಂದಿದ್ದಾನೆ. ನಿರ್ದೇಶಕ ಏನನ್ನೂ ಬಚ್ಚಿಟ್ಟಿಲ್ಲ. ನಾವು ನೋಡಿಲ್ಲ, ಅಷ್ಟೆ.

ಹೀಗೆ ಹಿಂದಕ್ಕೆ ಹೋಗಿ ನೋಡುವ ಸೌಲಭ್ಯ 1979ರ ಹೆಚ್ಚಿನ ವೀಕ್ಷಕರಿಗೆ ಇರಲಿಲ್ಲ. ವಾರಕ್ಕೊಂದು ಕಂತು, ನಡುವೆ ಏಳು ದಿನದ ಮರೆವು. ಡಿಸ್ಕು ಕೈಗೆ ಬಂದ ಮೇಲೆ ನೋಡುಗ ಸ್ಮೈಲಿಯ ಕೆಲಸವನ್ನೇ ಮಾಡತೊಡಗುತ್ತಾನೆ. ಯಾಕೆಂದರೆ ಸ್ಮೈಲಿ ಮಾಡುವುದೂ ಹಳೆಯದನ್ನು ಮತ್ತೆ ಓದುವುದನ್ನೇ. ಸಣ್ಣ ಹೋಟೆಲಿನ ಕೋಣೆಯಲ್ಲಿ ಕೂತು ಕಡತ ತಿರುವುತ್ತಾನೆ. ಕಚೇರಿ ಹೊರಹಾಕಿದವರನ್ನು ಹುಡುಕಿಕೊಂಡು ಹೋಗಿ ಕೇಳುತ್ತಾನೆ. ಬೆರಿಲ್ ರೀಡ್ ನಟಿಸಿರುವ ಕಾನಿ ಸ್ಯಾಕ್ಸ್ ಅಂಥವರಲ್ಲಿ ಒಬ್ಬಳು. ಇಡೀ ಸಂಸ್ಥೆಯ ನೆನಪನ್ನು ತಲೆಯಲ್ಲಿಟ್ಟುಕೊಂಡು, ಅದನ್ನು ಕೇಳುವವರಿಲ್ಲದೆ ಕುಡಿಯುತ್ತಾ ಕೂತಿದ್ದಾಳೆ. ಇಲ್ಲಿನ ದೊಡ್ಡ ಸಾಹಸವೆಂದರೆ ಪೀಟರ್ ಗಿಲಂ ತನ್ನದೇ ಕಚೇರಿಯಿಂದ ಒಂದು ದಾಖಲೆ ಪುಸ್ತಕವನ್ನು ಕದ್ದು ತರುವುದು. ಅದರಲ್ಲಿ ಸಿಗುವ ಸಾಕ್ಷ್ಯವೋ, ಇಲ್ಲದ ಹಾಳೆಗಳು. ಸಂಸ್ಥಾನದ ಕಾಲದ ಕಡತಗಳಲ್ಲಿ ವರ್ಷಗಟ್ಟಲೆ ಧೂಳು ಕುಡಿದ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಈ ದೃಶ್ಯದಲ್ಲಿ ಎದೆ ಬಡಿದುಕೊಂಡಷ್ಟು ಯಾವ ಕಾರ್ ಚೇಸಿನಲ್ಲೂ ಬಡಿದುಕೊಂಡಿಲ್ಲ. ಇರುವ ಹಾಳೆ ಸುಳ್ಳು ಹೇಳಬಹುದು; ಹರಿದ ಹಾಳೆ, ಇಲ್ಲಿ ಯಾರಿಗೋ ಭಯವಿತ್ತು ಎಂಬ ನಿಜವನ್ನಾದರೂ ಹೇಳುತ್ತದೆ.

ಆದರೆ ಕಡತಕ್ಕೂ ಸಿಗದ ಒಂದು ಸಂಗತಿ ಇದೆ. ಜಿಮ್ ಪ್ರಿಡೋ ಎಂಬ ಬೇಹುಗಾರ ಚೆಕೊಸ್ಲೊವಾಕಿಯಾದಲ್ಲಿ ಗುಂಡೇಟು ತಿಂದ ರಾತ್ರಿ, ಡ್ಯೂಟಿಯಲ್ಲಿದ್ದವನು ಸ್ಮೈಲಿಯ ಮನೆಗೆ ಫೋನ್ ಮಾಡಿದ್ದ. ಸ್ಮೈಲಿ ಊರಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೇಡನ್ ಕಚೇರಿಗೆ ಧಾವಿಸಿ ಬಂದ. ಕ್ಲಬ್ಬಿನಲ್ಲಿ ಸುದ್ದಿ ನೋಡಿದೆ ಎಂದ. ಅದು ಸುಳ್ಳಿರಬಹುದೆಂದು ಸ್ಮೈಲಿಗೆ ಹೊಳೆಯದೆ ಇರಲಿಲ್ಲ. ಆದರೆ ಆ ಎಳೆ ಹಿಡಿದು ಹೋದರೆ ಅದು ಅವನ ಹೆಂಡತಿ ಆ್ಯನ್‌ಳ ಹತ್ತಿರ ಹೋಗಿ ನಿಲ್ಲುತ್ತಿತ್ತು. ಹೇಡನ್‌ಗೂ ಅವಳಿಗೂ ಇದ್ದ ಸಂಬಂಧ ಊರಿಗೆಲ್ಲ ಗೊತ್ತು. ಮರ್ಯಾದಸ್ಥನಾದ ಸ್ಮೈಲಿ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟ. ದ್ರೋಹಿ ಅಡಗಿ ಕೂತದ್ದು ಅಲ್ಲೇ, ಆ ಮರ್ಯಾದೆಯ ಹಿಂದೆ.

ಕನ್ನಡದಲ್ಲಿ ಇದಕ್ಕೊಂದು ಸೊಗಸಾದ ಮಾತಿದೆ: ಜಾಣಕುರುಡು. ಕಾಣದವನ ಕುರುಡಲ್ಲ ಇದು, ಕಂಡವನದು. ಸ್ಮೈಲಿಗೊಬ್ಬನಿಗೇ ಅಲ್ಲ, ಇಡೀ ಸರ್ಕಸ್ಸಿಗೇ ಇದು ತಗುಲಿದೆ. ಹೇಡನ್ ಸುಂದರ, ಚತುರ, ಒಳ್ಳೆಯ ಮನೆತನದವನು. ಗಿಲಂಗೆ ಆದರ್ಶ, ಪ್ರಿಡೋಗೆ ಪ್ರಾಣಸ್ನೇಹಿತ. ಅವನನ್ನು ಅನುಮಾನಿಸುವುದೆಂದರೆ ತಮ್ಮ ಯೌವನವನ್ನೇ ಅನುಮಾನಿಸಿದಂತೆ. ಇದು ಬರೀ ಕಟ್ಟುಕಥೆಯಲ್ಲ. ಕಿಮ್ ಫಿಲ್ಬಿ 1963ರಲ್ಲಿ ಮಾಸ್ಕೋಗೆ ಓಡಿಹೋಗಿದ್ದ. ಧಾರಾವಾಹಿಯ ಕೊನೆಯ ಕಂತು ಪ್ರಸಾರವಾದದ್ದು 1979ರ ಅಕ್ಟೋಬರಿನಲ್ಲಿ. ಮರುತಿಂಗಳೇ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ರಾಣಿಯ ಕಲಾಸಂಗ್ರಹದ ಹೊಣೆ ಹೊತ್ತಿದ್ದ ಆಂಥನಿ ಬ್ಲಂಟ್ ಸೋವಿಯತ್ ಗೂಢಚಾರನಾಗಿದ್ದನೆಂದು ಸಂಸತ್ತಿಗೆ ತಿಳಿಸಿದರು. ಅವನು ತಪ್ಪೊಪ್ಪಿಕೊಂಡದ್ದು 1964ರಲ್ಲೇ. ಹದಿನೈದು ವರ್ಷ, ತಿಳಿಯಬೇಕಾದವರಿಗೆ ತಿಳಿದೇ ಇತ್ತು.

ಈ ಕಥೆಯ ಕೀಲಿ ಇರುವುದು ದೆಹಲಿಯಲ್ಲಿ. 1950ರ ದಶಕದ ನಡುವೆ ಅಲ್ಲಿನ ಜೈಲೊಂದರಲ್ಲಿ ಸ್ಮೈಲಿ, ಮುಂದೆ ತನ್ನ ಪರಮ ವೈರಿಯಾಗುವ ಕಾರ್ಲಾನನ್ನು ಭೇಟಿಯಾಗುತ್ತಾನೆ. ಕಾರ್ಲಾ ಪಾತ್ರದ ಪ್ಯಾಟ್ರಿಕ್ ಸ್ಟುವರ್ಟ್ ಒಂದು ಮಾತೂ ಆಡುವುದಿಲ್ಲ. ಬೇರೆಲ್ಲ ಕಡೆ ಕೇಳಿಸಿಕೊಳ್ಳುವ ಸ್ಮೈಲಿ ಇಲ್ಲಿ ಬೆವರುತ್ತಾ, ತಡೆಯಲಾರದೆ ಮಾತಾಡುತ್ತಾನೆ. ನಿನಗೂ ಹೆಂಡತಿ ಇದ್ದಾಳಲ್ಲ ಎನ್ನುತ್ತಾ ತನ್ನ ಹೆಂಡತಿಯ ಚಿಂತೆಯನ್ನೇ ಬಿಚ್ಚಿಡುತ್ತಾನೆ. ಆ್ಯನ್ ಉಡುಗೊರೆ ಕೊಟ್ಟ ಲೈಟರನ್ನು ಕಾರ್ಲಾ ಒಯ್ಯುತ್ತಾನೆ, ಜೊತೆಗೆ ಅವನ ದೌರ್ಬಲ್ಯ ಯಾವುದೆಂಬ ಅರಿವನ್ನೂ. ವರ್ಷಗಳ ನಂತರ ಹೇಡನ್‌ನನ್ನು ಆ್ಯನ್ ಬಳಿಗೆ ಕಳಿಸಿದ್ದು ಆ ಅರಿವೇ. 2011ರ ಸಿನಿಮಾದಲ್ಲಿ ಗ್ಯಾರಿ ಓಲ್ಡ್‌ಮನ್ ಖಾಲಿ ಕುರ್ಚಿಯೊಂದನ್ನು ಎದುರಿಟ್ಟುಕೊಂಡು ಇದೇ ಪ್ರಸಂಗ ನೆನೆಯುತ್ತಾರೆ. ಕಾರ್ಲಾನ ಮುಖ ಕಾಣುವುದಿಲ್ಲ. ಅದೂ ಒಳ್ಳೆಯ ಅಭಿನಯವೇ. ಆದರೆ ಎದುರಿಗೆ ಕೂತು ಕೇಳಿಸಿಕೊಳ್ಳುವ ಆ ಮುಖ ಕಂಡರೇ ಸ್ಮೈಲಿ ಸೋತದ್ದು ಎಲ್ಲಿ ಎಂದು ತಿಳಿಯುವುದು.

ಇಲ್ಲೇ ನನ್ನ ತಕರಾರೂ ಇದೆ. ಧಾರಾವಾಹಿಗೆ ದೆಹಲಿಯೆಂದರೆ ಸೆಕೆ ಮತ್ತು ಒಂದು ಕೋಣೆ. 1955ರಲ್ಲಿ ಕ್ರುಶ್ಚೆವ್ ಮತ್ತು ಬುಲ್ಗಾನಿನ್ ಭಾರತಕ್ಕೆ ಬಹಿರಂಗವಾಗಿಯೇ ಬಂದಿದ್ದರು, ನಮ್ಮ ಬೆಂಗಳೂರಿಗೂ ಬಂದಿದ್ದರು. ಎರಡೂ ಬಣಗಳ ನಡುವೆ ತನ್ನ ದಾರಿ ಹುಡುಕುತ್ತಿದ್ದ ಹೊಸ ದೇಶ ತನ್ನ ಜೈಲಿನಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ರಷ್ಯನ್ನನಿಗೆ ಆಸೆ ತೋರಿಸಲು ಯಾಕೆ ಬಿಟ್ಟಿತು? ಬಾಗಿಲಾಚೆ ನಿಂತಿದ್ದ ಭಾರತೀಯ ಅಧಿಕಾರಿಗೆ ಏನು ಕೇಳಿಸಿತು? ಈ ಪ್ರಶ್ನೆಗಳು ಕಥೆಗೆ ಬೇಕಿಲ್ಲ. ಇನ್ನೊಬ್ಬರ ಜಾಣಕುರುಡನ್ನು ಇಷ್ಟು ಸೂಕ್ಷ್ಮವಾಗಿ ತೋರಿಸುವ ಕೃತಿಗೆ ಇದೂ ಒಂದು ಕುರುಡು.

ಕೊಳ್ಳುವವರಿಗೆ ಒಂದು ಮಾತು: ಅಮೆರಿಕಕ್ಕೆಂದು ಏಳು ಕಂತುಗಳನ್ನು ಆರಕ್ಕೆ ಇಳಿಸಿದ ಆವೃತ್ತಿಯೂ ಡಿಸ್ಕಿನಲ್ಲಿದೆ. ಅದರಲ್ಲಿ ದೃಶ್ಯಗಳು ಮೊಟಕಾಗಿವೆ, ಕೆಲವು ಹಿಂದುಮುಂದಾಗಿವೆ. ಏಳು ಕಂತುಗಳದ್ದನ್ನೇ ಹುಡುಕಿ. ಇಲ್ಲಿ ಮೌನಕ್ಕೆ ಕತ್ತರಿ ಹಾಕಿದರೆ ಸಾಕ್ಷ್ಯಕ್ಕೇ ಹಾಕಿದಂತೆ. ಅಲೆಕ್ ಗಿನ್ನೆಸ್ ಉತ್ತರ ಬಂದ ಮೇಲೂ ಇನ್ನೆರಡು ಕ್ಷಣ ಎದುರಿನವರನ್ನು ನೋಡುತ್ತಾರೆ. ಆ ಎರಡು ಕ್ಷಣಗಳಲ್ಲಿ ಅವರು ಹೇಳಬಾರದೆಂದಿದ್ದುದನ್ನು ಹೇಳಿಬಿಡುತ್ತಾರೆ.

ಹೆಗ್ಗಣ ಸಿಕ್ಕಿಬೀಳುತ್ತದೆ. ಆದರೆ ಕೊನೆಗೆ ಆ್ಯನ್‌ಳ ಎದುರು ನಿಂತ ಸ್ಮೈಲಿಗೆ ಗೆದ್ದವನ ಮುಖವಿಲ್ಲ. ಹೇಡನ್‌ನ ಹೆಸರು ಅವನಿಗೆ ಹೊಸ ಸುದ್ದಿಯಾಗಿರಲಿಲ್ಲ. ಅಷ್ಟೂ ಕಡತ, ಅಷ್ಟೂ ಮಾತುಕತೆ ಬೇಕಾದದ್ದು ಗೊತ್ತಿದ್ದುದನ್ನು ಒಪ್ಪಿಕೊಳ್ಳಲು.