ಟ್ರಾಂಬೆಯಿಂದ ಕೈಗಾದವರೆಗೆ: ವಿಜ್ಞಾನಿಗಳ ಲೋಕಸಂವಾದ

ವಿಜ್ಞಾನವನ್ನು ಪ್ರಯೋಗಶಾಲೆಯಿಂದ ಜನಸಾಮಾನ್ಯರ ಅಂಗಳಕ್ಕೆ ತರುವ ಕಾರ್ಯದಲ್ಲಿ ಮುಂಬಯಿಗೆ ಗಣ್ಯವಾದ ಸ್ಥಾನವಿದೆ. 1966ರಲ್ಲಿ ಮರಾಠೀ ವಿಜ್ಞಾನ ಪರಿಷತ್ತು, 1974ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಆಶ್ರಯದಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ, 1985ರಲ್ಲಿ ವರಳಿಯ ನೆಹರೂ ವಿಜ್ಞಾನ ಕೇಂದ್ರ ಇವೆಲ್ಲ ತಲೆಯೆತ್ತಿದುದು ಇಲ್ಲಿಯೇ. ಕನ್ನಡವೂ ಈ ಮಾರ್ಗದಲ್ಲಿ ಹಿಂದುಳಿದುದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡಗೂಡಿ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಇಂತಹ ಪ್ರಯತ್ನಗಳನ್ನು ಕೊಂಡಾಡುವಾಗ ಒಂದು ಭೇದವನ್ನು ಮಾತ್ರ ಮರೆಯಲಾಗದು. ತಿಳಿದುದನ್ನು ತಿಳಿಸಿಕೊಡುವುದು ಒಂದು. ತಾನು ಕೈಕೊಂಡ ಕಾರ್ಯಕ್ಕಾಗಿ ಲೋಕಕ್ಕೆ ಉತ್ತರ ಹೇಳುವುದು ಇನ್ನೊಂದು.

ಸಾಮಾಜಿಕ ವಿಷಯಗಳಲ್ಲಿ ವಿಜ್ಞಾನಿಯು ಪರೀಕ್ಷಕನಾಗಿ ಬಂದಾಗ ಅವನ ಮಾತಿಗೆ ಸಹಜವಾಗಿಯೇ ಬಲವಿರುತ್ತದೆ. ಮುಂಬಯಿಯ ಟಾಟಾ ಸಂಸ್ಥೆಯಲ್ಲಿದ್ದಾಗಲೇ ಮರಾಠಿಯಲ್ಲಿ ವಿಜ್ಞಾನಕಥೆಗಳನ್ನು ಬರೆಯತೊಡಗಿದ ಜಯಂತ ನಾರಳೀಕರರು ಮುಂದೆ ಸಹೋದ್ಯೋಗಿಗಳೊಡನೆ ಫಲಜ್ಯೋತಿಷ್ಯವನ್ನು ಪರೀಕ್ಷೆಗೊಡ್ಡಿದರು. ಬುದ್ಧಿವಂತ ವಿದ್ಯಾರ್ಥಿಗಳ 100 ಹಾಗೂ ಬುದ್ಧಿಮಾಂದ್ಯ ಮಕ್ಕಳ 100 ಜಾತಕಗಳಿಂದ ಆಯ್ದ 40ನ್ನು ಒಬ್ಬೊಬ್ಬ ಜ್ಯೋತಿಷಿಗೆ ಕೊಟ್ಟು, ಯಾವುದು ಯಾವ ವರ್ಗದ್ದೆಂದು ಹೇಳುವಂತೆ ಕೇಳಲಾಯಿತು. ಉತ್ತರಿಸಿದವರು 27 ಮಂದಿ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ಉತ್ತರಗಳಲ್ಲಿ ಸರಿಯಾದುವು ಶೇಕಡಾ 46. ನಾಣ್ಯ ಚಿಮ್ಮಿ ಹೇಳಿದ್ದರೂ ಇದಕ್ಕಿಂತ ಕಡಮೆಯಾಗುತ್ತಿರಲಿಲ್ಲ. ವಿಧಾನವೂ ಲೆಕ್ಕವೂ ಬಹಿರಂಗವಾಗಿದ್ದುದು ಈ ಪ್ರಯೋಗದ ಹಿರಿಮೆ. ಆದರೆ ಇಲ್ಲಿ ಪರೀಕ್ಷೆಗೆ ಒಳಗಾದುದು ಪರರ ವಿದ್ಯೆ.

ವಿಜ್ಞಾನಿಯೇ ವಿವಾದದ ಒಂದು ಪಕ್ಷವಾದಾಗ ಸಂವಾದ ಹೇಗಿರಬೇಕು? ಈ ಪ್ರಶ್ನೆಗೆ ಕೈಗಾದಷ್ಟು ಸ್ಪಷ್ಟವಾದ ನಿದರ್ಶನ ಕನ್ನಡಿಗರಿಗೆ ಬೇರೆ ದೊರೆಯದು. ಕಾಳೀ ನದಿಯ ದಂಡೆಯಲ್ಲಿ, ಪಶ್ಚಿಮ ಘಟ್ಟದ ಕಾಡಿನ ನಡುವೆ ಪರಮಾಣು ವಿದ್ಯುತ್ ಸ್ಥಾವರವನ್ನು ಕಟ್ಟುವ ಯೋಜನೆ ರೂಪುಗೊಂಡುದು 1980ರ ದಶಕದಲ್ಲಿ. 1986ರ ಚೆರ್ನೋಬಿಲ್ ದುರಂತವೂ ಆ ದಶಕದ್ದೇ. ಯೋಜನೆಯ ಸೂತ್ರವಿದ್ದುದು ಮುಂಬಯಿಯಲ್ಲಿ. ಅಣುಶಕ್ತಿ ಆಯೋಗದ ಅಧ್ಯಕ್ಷಪೀಠದಲ್ಲಿ 1983ರಿಂದ 1987ರವರೆಗೆ ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರೂ ಅನಂತರ 1990ರವರೆಗೆ ಬೆಂಗಳೂರಿನಲ್ಲಿ ಜನಿಸಿದ ಎಂ. ಆರ್. ಶ್ರೀನಿವಾಸನ್ ಅವರೂ ಇದ್ದರು. ಆದುದರಿಂದ ಭಾಷೆ ಅಡ್ಡಬಂದಿತೆಂಬ ಸಮಾಧಾನ ಇಲ್ಲಿ ನಿಲ್ಲದು.

ವಿರೋಧವು ಅಜ್ಞಾನದಿಂದ ಹುಟ್ಟುತ್ತದೆ, ತಿಳಿವಳಿಕೆ ಕೊಟ್ಟರೆ ಅಡಗುತ್ತದೆ ಎಂಬುದು ಇಂತಹ ಸಂದರ್ಭಗಳಲ್ಲಿ ತಜ್ಞರ ರೂಢಿಯ ನಂಬಿಕೆ. ಆ ನಂಬಿಕೆಗೆ ಶಿವರಾಮ ಕಾರಂತರೊಬ್ಬರೇ ಸಾಕಾದ ಪ್ರತ್ಯುತ್ತರ. 1936ರಲ್ಲಿ ‘ಬಾಲಪ್ರಪಂಚ’ವನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಕೊಟ್ಟು, ವಿಜ್ಞಾನವನ್ನು ಕನ್ನಡದ ಮನೆಮನೆಗೆ ಹೊತ್ತವರು ಅವರು. ಅವರೇ ಕೈಗಾವನ್ನು ವಿರೋಧಿಸಿ, 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಗೆಲ್ಲಲಿಲ್ಲ, ಆದರೆ ವಿಜ್ಞಾನವನ್ನು ಪ್ರೀತಿಸುವವನೂ ವಿಜ್ಞಾನಿಯ ಯೋಜನೆಯನ್ನು ಪ್ರಶ್ನಿಸಬಲ್ಲನೆಂಬುದು ಸಿದ್ಧವಾಯಿತು. ವಿರೋಧಿಗಳ ಮಾತುಗಳೆಲ್ಲವೂ ಒಂದೇ ತೂಕದವಾಗಿರಲಾರವು. ಆದರೂ ಕಾಡು, ನದಿ, ಅಣೆಕಟ್ಟು, ತಲೆಮಾರುಗಳವರೆಗೆ ಕಾಯಬೇಕಾದ ತ್ಯಾಜ್ಯ ಇವುಗಳನ್ನು ಕುರಿತ ಪ್ರಶ್ನೆಗಳಿಗೆ ಪಾಠ ಉತ್ತರವಾಗುವುದಿಲ್ಲ, ಉತ್ತರವೇ ಬೇಕು.

1994ರ ಮೇ 13ರಂದು ಕೈಗಾದ ಮೊದಲ ಘಟಕದಲ್ಲಿ ನಿರ್ಮಾಣದ ಹಂತದಲ್ಲಿದ್ದ ಒಳಗುಮ್ಮಟದ ಕಾಂಕ್ರೀಟು ಪದರ ಬಿಟ್ಟು ಕುಸಿಯಿತು, ಕೆಲಸಗಾರರು ಗಾಯಗೊಂಡರು. ಇಂಧನವನ್ನು ಇನ್ನೂ ತುಂಬಿರಲಿಲ್ಲವಾಗಿ ವಿಕಿರಣದ ಪ್ರಶ್ನೆ ಏಳಲಿಲ್ಲ. ಅಂದು ಸುರಕ್ಷತೆಯನ್ನು ಪರಿಶೀಲಿಸಬೇಕಾಗಿದ್ದ ನಿಯಂತ್ರಣ ಮಂಡಳಿಯು, ಸ್ಥಾವರಗಳನ್ನು ಬೆಳೆಸುವ ಹೊಣೆ ಹೊತ್ತ ಅಣುಶಕ್ತಿ ಆಯೋಗಕ್ಕೇ ವರದಿಯೊಪ್ಪಿಸುವ ವ್ಯವಸ್ಥೆಯಿತ್ತು. ಲೆಕ್ಕ ಬರೆದವನ ಮನೆಯಲ್ಲಿಯೇ ಲೆಕ್ಕಪರಿಶೋಧಕನು ಊಟಕ್ಕೆ ಕುಳಿತರೆ, ಲೆಕ್ಕ ಸರಿಯಿದ್ದರೂ ನೋಡುವವರ ಸಂದೇಹ ಹರಿಯದು. ಗುಮ್ಮಟವನ್ನು ಪರಿಷ್ಕೃತ ವಿನ್ಯಾಸದಂತೆ ಮತ್ತೆ ಕಟ್ಟಲಾಯಿತು. ಅದೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆಯಿತು. ಈ ಸಾಧನೆ ಎಂಜಿನಿಯರುಗಳ ದಕ್ಷತೆಗೆ ಸಾಕ್ಷಿ. ಜನರಿಗೆ ಅಂದು ಸಲ್ಲಬೇಕಾಗಿದ್ದ ಉತ್ತರಕ್ಕೆ ಬದಲಿಯಲ್ಲ.

ವಿಷಯ ಇನ್ನೂ ಮುಗಿದಿಲ್ಲ. 2017ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತ ಹತ್ತು ಘಟಕಗಳಲ್ಲಿ ಕೈಗಾಕ್ಕೆ ಸೇರಿದ, ತಲಾ 700 ಮೆಗಾವಾಟಿನ ಎರಡು ಘಟಕಗಳಿವೆ. ಇಂತಹ ಯೋಜನೆಯ ಸುರಕ್ಷತಾ ವಿವರಗಳು ನಿರ್ಧಾರಕ್ಕೆ ಮೊದಲೇ ಸುಲಭಗನ್ನಡದಲ್ಲಿ ದೊರೆಯಬೇಕು. ಯೋಜನೆಯ ಹಂಗಿಲ್ಲದ ವಿಜ್ಞಾನಿಗಳು ಅವನ್ನು ಜನರೆದುರು ವಿಮರ್ಶಿಸಬೇಕು. ಪ್ರಶ್ನೆ ಮತ್ತು ಉತ್ತರಗಳೆರಡೂ ದಾಖಲೆಯಲ್ಲಿ ಉಳಿಯಬೇಕು. ಈ ಕಾರ್ಯದಲ್ಲಿ ಮುಂಬಯಿಯ ಕನ್ನಡ ಸಂಘಗಳಿಗೆ ವಿಶೇಷವಾದ ಅನುಕೂಲವಿದೆ. ಅಣುಶಕ್ತಿನಗರದ ಕನ್ನಡಿಗ ತಜ್ಞನೂ ಕಾಳೀ ತೀರದಲ್ಲಿ ಬಂಧುಗಳನ್ನುಳ್ಳ ವಲಸಿಗನೂ ಒಂದೇ ಸಭಾಂಗಣದಲ್ಲಿ ಕೂಡಬಲ್ಲ ನಗರವಿದು. ಅಲ್ಲಿ ಉಪನ್ಯಾಸಕ್ಕೆ ಅರ್ಧ ಗಂಟೆ ಸಂದರೆ ಪ್ರಶ್ನೆಗಳಿಗೆ ಎರಡು ಗಂಟೆ ಸಲ್ಲಲಿ.