ಅರಸನ ಪ್ರವಾಸ, ಜೊತೆಗಾರನ ಲೇಖನಿ

ಅರಸರು ದೇಶಸಂಚಾರ ಹೊರಡುವುದು ಹೊಸದಲ್ಲ. ಹಿಂದೆ ದಿಗ್ವಿಜಯಕ್ಕೆಂದು ಹೊರಡುತ್ತಿದ್ದರು. ಈಚಿನ ನೂರೈವತ್ತು ವರ್ಷಗಳಲ್ಲಿ ವ್ಯಾಪಾರದ ಒಪ್ಪಂದಗಳಿಗೆಂದು, ತಮ್ಮ ನಾಡಿನ ಹಾಡು, ಕುಣಿತ, ಕುಶಲ ಕೆಲಸಗಳನ್ನು ನಾಲ್ಕು ಜನಕ್ಕೆ ತೋರಿಸಬೇಕೆಂದು ಹೊರಡುತ್ತಾರೆ. ಹಿಂದೆ ಜೊತೆಯಲ್ಲಿ ವಂದಿಮಾಗಧರಿರುತ್ತಿದ್ದರು. ಅವರು ಹೊಗಳುವುದು ಕೂಲಿಗೆ ಎಂಬುದು ಎಲ್ಲರಿಗೂ ತಿಳಿದಿದ್ದುದರಿಂದ, ಅವರ ಮಾತಿನಲ್ಲಿ ಎಷ್ಟು ಕಳೆಯಬೇಕೆಂಬುದೂ ತಿಳಿಯುತ್ತಿತ್ತು. ಆದರೆ ಅರಸನ ಪಕ್ಕದಲ್ಲೇ ನಡೆದು, ಅವನ ಉಪ್ಪನ್ನೇ ಉಂಡು, ನಗುನಗುತ್ತ ಅವನ ಕಥೆಯನ್ನು ಹೇಳುವವನ ಮಾತಿನಲ್ಲಿ ಎಷ್ಟು ಕಳೆಯಬೇಕು? ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದ್ದು 1904ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಒಂದು ಪ್ರವಾಸಗ್ರಂಥ: ವಿಲಿಯಂ ನೆವಿನ್ಸ್ ಆರ್ಮ್‌ಸ್ಟ್ರಾಂಗ್ ಎಂಬವರ ‘ಅರೌಂಡ್ ದಿ ವರ್ಲ್ಡ್ ವಿತ್ ಎ ಕಿಂಗ್’.

ಇಲ್ಲಿಯ ಅರಸ ಹವಾಯಿ ದ್ವೀಪಗಳ ದೊರೆ ಡೇವಿಡ್ ಕಲಾಕೌವ. ಈತ 1881ರ ಜನವರಿ 20ರಂದು ಹೊನೊಲುಲುವಿನಿಂದ ಹಡಗು ಹತ್ತಿ, ಭೂಮಿಯನ್ನು ಒಂದು ಸುತ್ತು ಹಾಕಿ, ಅಕ್ಟೋಬರ್ ಕೊನೆಯಲ್ಲಿ ಮನೆ ಸೇರಿದ. ಸಿಂಹಾಸನದಲ್ಲಿದ್ದುಕೊಂಡೇ ಜಗತ್ತನ್ನು ಸುತ್ತಿಬಂದ ಮೊದಲ ದೊರೆ ಇವನೇ. ಸ್ಯಾನ್ ಫ್ರಾನ್ಸಿಸ್ಕೊ, ಜಪಾನ್, ಚೀಣ, ಸಯಾಮ್, ಜೊಹೋರ್, ಬರ್ಮ, ಕಲ್ಕತ್ತ, ಮುಂಬಯಿ, ಈಜಿಪ್ಟ್, ರೋಮ್, ಲಂಡನ್, ಬರ್ಲಿನ್, ವಿಯೆನ್ನ, ಲಿಸ್ಬನ್, ಮತ್ತೆ ಅಮೆರಿಕ: ಇದು ಅವನ ದಾರಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಅವನು ಪೂರ್ವ ಏಷ್ಯದಲ್ಲಿದ್ದಾಗ ಇತ್ತ ನಮ್ಮ ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಬ್ರಿಟಿಷರು ಮರಳಿ ಒಪ್ಪಿಸುತ್ತಿದ್ದರು. ದೊಡ್ಡ ಚಕ್ರಾಧಿಪತ್ಯಗಳ ಮಧ್ಯದಲ್ಲಿ ಸಣ್ಣ ಅರಸರು ಉಸಿರು ಹಿಡಿದು ಬದುಕುತ್ತಿದ್ದ ಕಾಲವದು.

ಪ್ರವಾಸಕ್ಕೆ ಕಾರಣ ಸಕ್ಕರೆ. 1874ರ ಕೊನೆಯಲ್ಲಿ ಕಲಾಕೌವ ತಾನೇ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಗ್ರಾಂಟರನ್ನು ಕಂಡಿದ್ದ. ಮುಂದಿನ ವರ್ಷ ಆದ ಒಪ್ಪಂದದಂತೆ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕವನ್ನು ಹೊಗತೊಡಗಿತು. ಹದಿನೈದು ವರ್ಷದೊಳಗೆ ರಫ್ತು ಸುಮಾರು ಹತ್ತು ಪಟ್ಟಾಯಿತು. ಆದರೆ ಕಬ್ಬು ಕಡಿಯುವ ಕೈಗಳೆಲ್ಲಿ? ಹೊರಗಿನಿಂದ ಬಂದ ರೋಗಗಳಿಗೆ ತುತ್ತಾಗಿ 1878ರ ಜನಗಣತಿಯ ಹೊತ್ತಿಗೆ ಅಲ್ಲಿಯ ಮೂಲ ಜನ ಸುಮಾರು 44,000ಕ್ಕೆ ಇಳಿದಿದ್ದರು. ಜನರನ್ನು ಹುಡುಕಿ ತರಬೇಕು, ಆ ನೆಪದಲ್ಲಿ ತನ್ನ ನಾಡೊಂದು ಇದೆಯೆಂದು ಲೋಕಕ್ಕೆ ತೋರಿಸಬೇಕು ಎಂದು ದೊರೆ ಹೊರಟ. ಜೊತೆಗೆ ಮೂವರು: ಅರಮನೆಯ ಅಧಿಕಾರಿ ಜಡ್, ಅಟಾರ್ನಿ ಜನರಲ್ ಆಗಿದ್ದ ನಮ್ಮ ಗ್ರಂಥಕರ್ತ, ರಾಬರ್ಟ್ ಎಂಬ ಜರ್ಮನ್ ಪರಿಚಾರಕ. ಮೂವರೂ ಬಿಳಿಯರು. ಹವಾಯಿಯ ದೊರೆಯ ಪರಿವಾರದಲ್ಲಿ ಹವಾಯಿಯವನೆಂದರೆ ದೊರೆ ಒಬ್ಬನೇ.

ಮೊದಲ ಸಲ ಓದಿದಾಗ ನಾನು ಬಹಳ ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಆರ್ಮ್‌ಸ್ಟ್ರಾಂಗ್ ಒಳ್ಳೆಯ ಕಥೆಗಾರ. ಕುಡಿತದ ಚಪಲವಿದ್ದ ರಾಬರ್ಟನಿಗೆ ದೊರೆಯ ಗರಿಯ ಹೊದಿಕೆಯನ್ನು ಕಾಯುವ ಹೊಣೆ ಬಿದ್ದ ಪ್ರಸಂಗವೊಂದೇ ಸಾಕು, ಓದುಗ ಪುಸ್ತಕ ಕೆಳಗಿಡಲಾರ. ಅವರು ಯೂರೋಪಿನ ಆಸ್ಥಾನಗಳ ಆಡಂಬರವನ್ನೂ ಬಿಟ್ಟಿಲ್ಲ. ಗೆಳೆಯರಿಗೆ ಎರಡು ಮೂರು ಪ್ರಸಂಗಗಳನ್ನು ನಾನೇ ಅಭಿನಯ ಮಾಡಿ ಹೇಳಿದ್ದುಂಟು.

ಆಮೇಲೆ ಒಂದು ದಿನ ಮನೆಯ ಹಳೆಯ ಟ್ರಂಕನ್ನು ತೆಗೆದಾಗ ತಾತನವರ ಕೆಲವು ಕಾರ್ಡುಗಳು ಸಿಕ್ಕಿದವು. ನಮ್ಮ ತಾತನವರು ಕಾಶಿಗೆ ಹೋಗಿಬಂದದ್ದು ನಮ್ಮ ಮನೆಯಲ್ಲಿ ದೊಡ್ಡ ನಗೆಯ ಕಥೆ. ಅವರು ಎಲ್ಲಿ ಚಪ್ಪಲಿ ಕಳೆದುಕೊಂಡರು, ಯಾವ ಸ್ಟೇಷನ್ನಿನಲ್ಲಿ ಬೇರೆ ಗಾಡಿ ಹತ್ತಿದರು ಎಂಬುದನ್ನು ಹಬ್ಬಹುಣ್ಣಿಮೆಗೆ ಕೂಡಿದವರೆಲ್ಲ ಹೇಳಿ ನಗುವರು. ಆ ಕಥೆಯನ್ನು ಕಟ್ಟಿದವರು ಅವರ ಜೊತೆಗೆ ಹೋಗಿದ್ದ ನೆಂಟರೊಬ್ಬರು. ಅವರ ದಾರಿಯ ಖರ್ಚನ್ನು ಕೊಟ್ಟವರು ತಾತನವರು. ಕಾರ್ಡುಗಳಲ್ಲಿ ಚಪ್ಪಲಿಯ ಮಾತೇ ಇಲ್ಲ. ಹಸು ಕರು ಹಾಕಿತೆ, ಅಮ್ಮನ ಕೆಮ್ಮು ಹೇಗಿದೆ, ಅಲ್ಲಿ ರೇಷ್ಮೆ ಗಜಕ್ಕೆ ಎಷ್ಟು, ನಮ್ಮೂರಿನ ಮಗ್ಗದವರು ಇಂಥದನ್ನು ನೇಯಬಲ್ಲರೆ ಎಂದು ವಿಚಾರಿಸಿದ್ದಾರೆ. ಐವತ್ತು ವರ್ಷ ನಾವು ನಕ್ಕದ್ದು ಬೇರೆ ಯಾರನ್ನೋ ಎನಿಸಿತು. ಆ ರಾತ್ರಿ ಆರ್ಮ್‌ಸ್ಟ್ರಾಂಗರ ಪುಸ್ತಕವನ್ನು ಎರಡನೆಯ ಸಲ ಕೈಗೆ ತೆಗೆದುಕೊಂಡೆ.

ಎರಡನೆಯ ಓದಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ತಾರೀಖು. ಪ್ರವಾಸ ಆದದ್ದು 1881ರಲ್ಲಿ, ಪುಸ್ತಕ ಬಂದದ್ದು ಇಪ್ಪತ್ತಮೂರು ವರ್ಷಗಳ ಮೇಲೆ. ನಡುವೆ ಆದದ್ದೇನು? 1887ರಲ್ಲಿ ತೋಟದ ಒಡೆಯರೂ ವರ್ತಕರೂ ಬಂದೂಕಿನ ಬಲದಿಂದ ಹೊಸ ಸಂವಿಧಾನವೊಂದಕ್ಕೆ ದೊರೆಯ ರುಜು ಹಾಕಿಸಿಕೊಂಡರು. ಹೊರಟ ದಿನಕ್ಕೆ ಸರಿಯಾಗಿ ಹತ್ತು ವರ್ಷಕ್ಕೆ, 1891ರ ಜನವರಿ 20ರಂದು, ದೊರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡ. 1893ರಲ್ಲಿ ಅವನ ತಂಗಿ ರಾಣಿ ಲಿಲಿಉಓಕಲಾನಿಯನ್ನು ಪಟ್ಟದಿಂದ ಇಳಿಸಿದರು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನಗೆ ಸೇರಿಸಿಕೊಂಡಿತು. ಗ್ರಂಥಕರ್ತರು ಆ ದ್ವೀಪಗಳಲ್ಲೇ ಹುಟ್ಟಿದ ಪಾದ್ರಿಯ ಮಗ; ದೊರೆಯನ್ನು ಬಾಲ್ಯದಿಂದ ಬಲ್ಲವರು. ಅವರು ಲೇಖನಿ ಹಿಡಿದಾಗ ದೊರೆಯೂ ಇಲ್ಲ, ರಾಜ್ಯವೂ ಇಲ್ಲ, ‘ಇದು ಹೀಗಲ್ಲ’ ಎಂದು ಹೇಳಬಲ್ಲ ಆಸ್ಥಾನವೂ ಇಲ್ಲ. ಈ ಸ್ಥಿತಿಯಲ್ಲಿ ಬರೆದ ಹಾಸ್ಯಕ್ಕೆ ಒಂದು ಉಪಯೋಗ ತಾನಾಗಿಯೇ ಒದಗುತ್ತದೆ: ಅರಸ ಇಷ್ಟು ಹಗುರವಾದವನಾಗಿದ್ದರೆ ಅರಸೊತ್ತಿಗೆ ಹೋದದ್ದರಲ್ಲಿ ದುಃಖಪಡುವುದೇನಿದೆ? ಗ್ರಂಥಕರ್ತರು ಇದನ್ನು ಉದ್ದೇಶಿಸಿಯೇ ಬರೆದರೆಂದು ನಾನು ಆಪಾದಿಸುವುದಿಲ್ಲ. ಬರಹದ ಪರಿಣಾಮ ಅದು.

ಆದರೆ ಗ್ರಂಥವನ್ನು ಅದರ ಕರ್ತೃವಿನಿಂದಲೇ ಕಾಪಾಡುವ ಪುಟಗಳು ಕೆಲವಿವೆ. ಮೊದಲನೆಯದು ಯೊಕೊಹಾಮಾ ಬಂದರಿನ ವರ್ಣನೆ. ಅಷ್ಟು ದೂರದ ನಾಡಿನಲ್ಲಿ ಇಷ್ಟು ಸಣ್ಣ ದೇಶದವರನ್ನು ಕೇಳುವವರಾರು ಎಂದುಕೊಂಡು ಬಂದವರಿಗೆ ಯುದ್ಧನೌಕೆಗಳ ತೋಪಿನ ಮರ್ಯಾದೆ ಆಗುತ್ತದೆ. ದಡ ಸೇರುವಾಗ ಜಪಾನೀ ವಾದ್ಯದವರು ನುಡಿಸಿದ್ದು ‘ಹವಾಯಿ ಪೊನೊಈ’, ಹವಾಯಿಯ ರಾಷ್ಟ್ರಗೀತೆ. ಅದರ ಮಾತುಗಳನ್ನು ಕಟ್ಟಿದವನು ಸ್ವತಃ ಕಲಾಕೌವ. ತಾನು ಬರೆದ ಪದ್ಯ ಪರದೇಶದ ದಡದಲ್ಲಿ ತನ್ನನ್ನು ಎದುರುಗೊಂಡಾಗ ಆ ಕವಿಗೆ ಏನಾಗಿರಬೇಡ! ಇಲ್ಲಿ ಆರ್ಮ್‌ಸ್ಟ್ರಾಂಗರ ವ್ಯಂಗ್ಯ ತಾನಾಗಿ ನಿಲ್ಲುತ್ತದೆ. ಅವರೂ ಆ ದ್ವೀಪಗಳ ಹುಡುಗರೇ ಎಂಬುದು ಹೊರಬೀಳುತ್ತದೆ. ನನ್ನ ಮಟ್ಟಿಗೆ ಇಡೀ ಗ್ರಂಥದ ಅತ್ಯುತ್ತಮ ಭಾಗ ಇದು.

ಎರಡನೆಯದು ಟೋಕಿಯೋದ ಪ್ರಸಂಗ. ದೊರೆ ತನ್ನ ಇಬ್ಬರು ಅಧಿಕಾರಿಗಳಿಗೂ ತಿಳಿಸದೆ ಮೇಯ್ಜಿ ಚಕ್ರವರ್ತಿಯನ್ನು ಗುಟ್ಟಾಗಿ ಕಂಡು, ಏಷ್ಯದ ದೇಶಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಳ್ಳಬೇಕೆಂದೂ ತನ್ನ ಸೋದರ ಸೊಸೆ ಕೈಉಲಾನಿಯನ್ನು ಜಪಾನಿನ ರಾಜಕುಮಾರನೊಬ್ಬನಿಗೆ ಕೊಡುವುದಾಗಿಯೂ ಸೂಚಿಸಿದ. ಹುಡುಗಿಗೆ ಆಗ ಐದು ವರ್ಷ. ಎರಡು ಸಲಹೆಗಳನ್ನೂ ಜಪಾನ್ ಮುಂದೆ ವಿನಯದಿಂದ ತಳ್ಳಿಹಾಕಿತು. ಆರ್ಮ್‌ಸ್ಟ್ರಾಂಗರಿಗೆ ಇದು ದೊರೆಯ ಹುಚ್ಚು ಕಲ್ಪನೆಯ ಪರಾಕಾಷ್ಠೆ. ನನಗೆ ಅನಿಸಿದ್ದು ಬೇರೆ. ತನ್ನ ರಾಜ್ಯವನ್ನು ನುಂಗಲು ಕಾದಿರುವವರು ಯಾರೆಂಬುದು ಈ ಮನುಷ್ಯನಿಗೆ 1881ರಲ್ಲೇ ಗೊತ್ತಿತ್ತು. ಆ ಮಾತನ್ನು ತನ್ನ ಮಂತ್ರಿಗಳೆದುರಿಗೆ ಆಡುವಂತಿಲ್ಲವೆಂಬುದೂ ಗೊತ್ತಿತ್ತು. ಹಗುರ ಮನುಷ್ಯನೊಬ್ಬ ತನ್ನ ಪರಿವಾರದ ಕಣ್ಣು ತಪ್ಪಿಸಿ ಹೋಗುವುದು ಮೋಜಿಗೆ. ಈತ ಹೋದದ್ದು ರಾಜಕಾರಣಕ್ಕೆ. ಗ್ರಂಥಕರ್ತರು ಹೇಳಿರುವ ಸಂಗತಿಯೇ ಅವರ ಅಭಿಪ್ರಾಯಕ್ಕೆ ಎದುರು ಸಾಕ್ಷಿ ನುಡಿಯುತ್ತದೆ.

ಮೂರನೆಯದು ಆ ಗರಿಯ ಹೊದಿಕೆ. ಅದರ ಕಥೆಗಿಂತ ಅದನ್ನು ಹೊತ್ತವನ ಕಥೆಯೇ ಪುಸ್ತಕ ಮುಚ್ಚಿದ ಮೇಲೆ ಉಳಿಯುತ್ತದೆ. ಇದು ಗ್ರಂಥದ ದೊಡ್ಡ ಕೊರತೆ. ಹವಾಯಿಯ ಅರಸರ ಹೊದಿಕೆಗೆ ಬೇಕಾದ ಹಳದಿ ಗರಿಗಳು ಮಾಮೊ, ಓಓ ಎಂಬ ಕರಿಯ ಹಕ್ಕಿಗಳ ಮೈಯಲ್ಲಿ ಕೆಲವೇ ಕೆಲವು. ಅಂಥ ಸಾವಿರಾರು ಹಕ್ಕಿಗಳ ಗರಿಗಳನ್ನು ತಲೆಮಾರುಗಳ ಕಾಲ ಕೂಡಿಸಿ, ನಾರಿನ ಬಲೆಗೆ ಒಂದೊಂದಾಗಿ ಕಟ್ಟಬೇಕು. ಆ ಹಕ್ಕಿಗಳು ಈಗ ಭೂಮಿಯ ಮೇಲಿಲ್ಲ. ಒಂದು ಜನಾಂಗದ ತಾಳ್ಮೆಯನ್ನೆಲ್ಲ ಹೊದ್ದುಕೊಂಡು ತೋರಿಸಬಹುದಾದ ವಸ್ತುವನ್ನು ದೊರೆ ಜೊತೆಗೆ ಕೊಂಡೊಯ್ದಿದ್ದ. ಜೊತೆಗಾರರಿಗೆ ಅದು ಸಾಮಾನಿನ ಗಂಟು.

ದೊರೆಯ ಕಡೆಯ ಮಾತನ್ನು ಕೇಳಬೇಕಾದರೆ ಅವನ ಕಾಗದಗಳನ್ನು ಓದಬೇಕು. ದಾರಿಯಿಂದ ಅವನು ಮನೆಗೆ ಬರೆದ ಪತ್ರಗಳನ್ನು ರಿಚರ್ಡ್ ಗ್ರೀರ್ ಎಂಬ ವಿದ್ವಾಂಸರು ಸಂಪಾದಿಸಿ 1971ರಲ್ಲಿ ಹವಾಯಿಯ ಇತಿಹಾಸ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದಾರೆ. ಆರ್ಮ್‌ಸ್ಟ್ರಾಂಗರ ಪುಸ್ತಕಕ್ಕೆ ಅರುವತ್ತೇಳು ವರ್ಷ ತಡವಾಗಿ ಬಂದ ಉತ್ತರ! ಸಾಹಿತ್ಯದ ದೃಷ್ಟಿಯಿಂದ ಅವು ಆ ಗ್ರಂಥಕ್ಕೆ ಸಮವಲ್ಲ, ಅವಸರದ ಬರಹ. ಆದರೆ ಅವುಗಳಲ್ಲಿ ಒಬ್ಬ ಗೃಹಸ್ಥನಿದ್ದಾನೆ. ದೊರೆ ಊರಿನಲ್ಲಿಲ್ಲದಾಗ ಹೊನೊಲುಲುವಿನಲ್ಲಿ ಸಿಡುಬು ಹರಡಿ ಸುಮಾರು ಮುನ್ನೂರು ಜನ ಸತ್ತರು. ರಾಜ್ಯಭಾರ ವಹಿಸಿದ್ದ ತಂಗಿ ದಿಗ್ಬಂಧನ ಹಾಕಿ ಹೋರಾಡುತ್ತಿದ್ದಳು. ಆ ಸಾವುಗಳ ಸಂಕಟ ಪತ್ರಗಳಲ್ಲಿದೆ. ಯೂರೋಪಿನ ಭಾನುವಾರದ ಸಂಗೀತ, ಸಂತೋಷಗಳನ್ನು ಕಂಡು, ತನ್ನ ನಾಡಿನಲ್ಲಿ ಪಾದ್ರಿಗಳು ಜನರ ಮುಖದ ನಗೆಯನ್ನೇ ಒರೆಸಿಬಿಟ್ಟರಲ್ಲಾ ಎಂಬ ಕೊರಗೂ ಇದೆ.

ಆ ಕೊರಗು ಮಾತಿನಲ್ಲೇ ಮುಗಿಯಲಿಲ್ಲ. 1883ರ ಪಟ್ಟಾಭಿಷೇಕದಲ್ಲಿ ಅವನು ಪಾದ್ರಿಗಳು ಮೂಲೆಗೆ ತಳ್ಳಿದ್ದ ಹುಲಾ ಕುಣಿತವನ್ನು ಅರಮನೆಯ ಅಂಗಳಕ್ಕೆ ತಂದ. ಹಾಡುಗಳ ಪಟ್ಟಿಯನ್ನು ಅಚ್ಚು ಹಾಕಿದವರ ಮೇಲೆ ಅಶ್ಲೀಲದ ಮೊಕದ್ದಮೆ ಆಯಿತು. 1888ರಲ್ಲಿ ತನ್ನ ನಾಡಿನ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ನ್ಯೂಯಾರ್ಕಿನಲ್ಲಿ ಎಡಿಸನ್ನನನ್ನು ಕಂಡು ಮಾತನಾಡಿದ್ದ ದೊರೆಯ ಇಯೋಲಾನಿ ಅರಮನೆಯಲ್ಲಿ 1887ರ ಹೊತ್ತಿಗೆ ವಿದ್ಯುದ್ದೀಪ ಉರಿಯುತ್ತಿತ್ತು. ಅಮೆರಿಕದ ಅಧ್ಯಕ್ಷರ ಮನೆಗೆ ಅದು ಬಂದದ್ದು 1891ರಲ್ಲಿ.

ದೊರೆ ದೋಷರಹಿತನೆಂದು ನಾನು ವಾದಿಸಲಾರೆ. ಪಟ್ಟಾಭಿಷೇಕಕ್ಕೆ ನೀರಿನಂತೆ ಹಣ ಚೆಲ್ಲಿದ. ಅಫೀಮಿನ ಪರವಾನಗಿಯ ವಿಷಯದಲ್ಲಿ ಅವನ ಹೆಸರಿಗೆ ಅಂಟಿದ ಮಸಿ ಸುಳ್ಳಲ್ಲ. ಅದಕ್ಕಿಂತ ದೊಡ್ಡ ದುರಂತ ಪ್ರವಾಸದ ಉದ್ದೇಶದಲ್ಲೇ ಇತ್ತು. ಅವನು ಕೇಳಿದ ಕೈಗಳು ಬಂದವು. 1885ರ ಫೆಬ್ರವರಿಯಲ್ಲಿ ಒಂದೇ ಹಡಗಿನಲ್ಲಿ ಒಂಬೈನೂರಕ್ಕೂ ಹೆಚ್ಚು ಜಪಾನೀಯರು ಬಂದಿಳಿದರು. ಕಬ್ಬು ಬೆಳೆಯಿತು. ಕಬ್ಬಿನೊಡನೆ ತೋಟದ ಒಡೆಯರ ಬಲವೂ ಬೆಳೆಯಿತು. ಸಕ್ಕರೆ ಒಪ್ಪಂದವನ್ನು 1887ರಲ್ಲಿ ಮುಂದುವರಿಸಿದಾಗ ಪರ್ಲ್ ಬಂದರನ್ನು ಅಮೆರಿಕದ ನೌಕಾದಳಕ್ಕೆ ಬಿಟ್ಟುಕೊಡಬೇಕಾಯಿತು. ವ್ಯಾಪಾರವನ್ನು ಬೆಳೆಸಿ ರಾಜ್ಯವನ್ನು ಉಳಿಸಿಕೊಳ್ಳಲು ಹೊರಟವನಿಗೆ ಆ ವ್ಯಾಪಾರವೇ ಮುಳುವಾಯಿತು. ಆರ್ಮ್‌ಸ್ಟ್ರಾಂಗರ ಕೈಯಲ್ಲಿ ಇಂಥ ವಸ್ತು ಇತ್ತು. ಅವರು ಅದರಿಂದ ಪ್ರಹಸನವನ್ನು ಬರೆದರು. ಸಂಗತಿಗಳನ್ನು ಕಣ್ಣಾರೆ ಕಂಡು ವಿಸ್ತಾರವಾಗಿ ಬರೆದಿಟ್ಟದ್ದಕ್ಕೆ ನಾವು ಅವರಿಗೆ ಋಣಿಗಳು. ಅವುಗಳ ಅರ್ಥವನ್ನು ಮಾತ್ರ ಅವರಿಂದ ತೆಗೆದುಕೊಳ್ಳಬೇಕಾಗಿಲ್ಲ.

ಲಂಡನ್ನಿನ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ಔತಣವೊಂದರಲ್ಲಿ ಜರ್ಮನಿಯ ಯುವರಾಜನಿಗಿಂತ ಮುಂದಿನ ಸ್ಥಾನವನ್ನು ಕಲಾಕೌವನಿಗೆ ಕೊಟ್ಟಾಗ ಆಕ್ಷೇಪಣೆ ಬಂತಂತೆ. ವೇಲ್ಸ್ ರಾಜಕುಮಾರ ಕೊಟ್ಟ ಉತ್ತರದ ಒರಟು ಮಾತುಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ತಾತ್ಪರ್ಯ ಇಷ್ಟು: ಈತ ದೊರೆಯಾಗಿದ್ದರೆ ದೊರೆಯ ಸ್ಥಾನ ಕೊಡಬೇಕು, ಅಲ್ಲವಾದರೆ ಇಲ್ಲಿಗೇಕೆ ಕರೆದಿರಿ? ಅವಮಾನವನ್ನು ಒಳಗಿಟ್ಟುಕೊಂಡು ಕೊಟ್ಟ ಮರ್ಯಾದೆ ಅದು. ಆರ್ಮ್‌ಸ್ಟ್ರಾಂಗರ ಗ್ರಂಥವೂ ಅವನಿಗೆ ಕೊಟ್ಟದ್ದು ಅಂಥದೇ ಮರ್ಯಾದೆ.

ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ದಂಥ ಪ್ರವಾಸಕಥನಗಳನ್ನು ಓದಿದ ನಮಗೆ, ನಡೆದ ಕಾಲೂ ಬರೆದ ಕೈಯೂ ಒಬ್ಬರದೇ ಎಂಬುದು ಎಷ್ಟು ದೊಡ್ಡ ಭಾಗ್ಯವೆಂದು ಹೊಳೆಯುವುದೇ ಇಲ್ಲ. ಹವಾಯಿಯ ಹಿಲೊ ಪಟ್ಟಣದಲ್ಲಿ ವರ್ಷವರ್ಷವೂ ನಡೆಯುವ ಹುಲಾ ಸ್ಪರ್ಧೆಯ ಹಬ್ಬಕ್ಕೆ ಕಲಾಕೌವನ ಅಡ್ಡಹೆಸರನ್ನೇ ಇಟ್ಟಿದ್ದಾರೆ: ‘ಮೆರಿ ಮೊನಾರ್ಕ್’, ಅಂದರೆ ಉಲ್ಲಾಸದ ದೊರೆ. ಅವನನ್ನು ಹಗುರಮಾಡಲು ಬಳಸಿದ ಮಾತನ್ನು ಅವನ ಜನ ಎತ್ತಿ ಮುಡಿದುಕೊಂಡಿದ್ದಾರೆ. ನಾನಂತೂ ನಮ್ಮ ತಾತನವರ ಚಪ್ಪಲಿಯ ಕಥೆಯನ್ನು ಈಗಲೂ ಮಕ್ಕಳಿಗೆ ಹೇಳುತ್ತೇನೆ. ಹೇಳಿದ ಮೇಲೆ ಆ ಕಾರ್ಡುಗಳನ್ನೂ ಓದಿ ಹೇಳುತ್ತೇನೆ.